ಹಾಸಿಗೆ ಹಿಡಿದ ಹರೆಯಕ್ಕೆ ಯಾವ ಯೋಜನೆ?

ಜ್ವರ ಬಿಟ್ಟು ಆರು ತಿಂಗಳಾಯಿತು, ಸುಸ್ತು ಮಾತ್ರ ಬಿಟ್ಟಿಲ್ಲ. ಮಗಳು ಹತ್ತನೇ ತರಗತಿ. ಒಂದು ದಿನ ಶಾಲೆಗೆ ಹೋಗಿ ಬಂದರೆ ಮುಂದಿನ ಎರಡು ದಿನ ಮೇಲೇಳುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ನಾರ್ಮಲ್. ಹೀಗೆ ಹೇಳುವ ತಾಯಂದಿರು ಬೆಂಗಳೂರಿನ ಯಾವ ಬಡಾವಣೆಯಲ್ಲೂ ಸಿಕ್ಕಾರು. ಅವರ ಮುಂದಿರುವ ಪ್ರಶ್ನೆ ಎರಡು. ಇದು ಏನು ಕಾಯಿಲೆ? ಇದರ ಖರ್ಚು ಭರಿಸುವವರು ಯಾರು? ಮೊದಲನೆಯದಕ್ಕೆ ವೈದ್ಯಶಾಸ್ತ್ರ ಈಗ ತಕ್ಕಮಟ್ಟಿಗೆ ಉತ್ತರ ಕೊಡುತ್ತದೆ. ಎರಡನೆಯದನ್ನು ನಮ್ಮಲ್ಲಿ ಗಟ್ಟಿಯಾಗಿ ಕೇಳಿದ್ದು ಕಡಿಮೆ. ನಗರದ ಉತ್ತರ ಭಾಗದ ತಣಿಸಂದ್ರವನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಯನ್ನು ಪೂರ್ತಿಯಾಗಿ ನೋಡುವುದು ಈ ಲೇಖನದ ಉದ್ದೇಶ.

ಕಾಯಿಲೆಯ ಹೆಸರು ದೀರ್ಘ ಆಯಾಸ ಸಿಂಡ್ರೋಮ್. ವೈದ್ಯರು ಎಂಇ ಎಂದೋ ಸಿಎಫ್‌ಎಸ್ ಎಂದೋ ಬರೆಯುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಇದರ ಗುರುತುಗಳನ್ನು ಖಚಿತಪಡಿಸಿತು. ಮೊದಲು ಮಾಡುತ್ತಿದ್ದ ಕೆಲಸ, ಓದು, ಆಟ ಯಾವುದನ್ನೂ ಮಾಡಲಾಗದಂಥ ಆಯಾಸ ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಎಷ್ಟು ನಿದ್ದೆ ಮಾಡಿದರೂ ದಣಿವು ಆರಬಾರದು. ತಲೆ ಮಂಕಾಗುವುದು ಅಥವಾ ನಿಂತರೆ ತಲೆ ಸುತ್ತಿ ಎದೆ ಹೊಡೆದುಕೊಳ್ಳುವುದು, ಇವೆರಡರಲ್ಲಿ ಒಂದಾದರೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಮೈಗೋ ಮನಸ್ಸಿಗೋ ಸ್ವಲ್ಪ ಶ್ರಮವಾದರೆ ಸಾಕು, ಕೆಲವು ಗಂಟೆಗಳ ಮೇಲೆ ಅಥವಾ ಮಾರನೆಯ ದಿನ ಕಾಯಿಲೆ ಇಮ್ಮಡಿಯಾಗಿ ತಿರುಗಿ ಬೀಳುತ್ತದೆ. ಖಿನ್ನತೆಯಲ್ಲಿರುವ ಮಗುವಿಗೆ ಏನು ಮಾಡಲೂ ಮನಸ್ಸು ಬಾರದು. ಈ ಮಗುವಿಗೆ ಮನಸ್ಸಿದೆ, ಮಾಡಿದರೆ ಕುಸಿಯುತ್ತದೆ. ಎರಡನ್ನೂ ಒಂದೇ ಎಂದುಕೊಂಡಾಗಲೇ ಚಿಕಿತ್ಸೆ ದಾರಿ ತಪ್ಪುವುದು.

ದಾರಿ ತಪ್ಪಿದ ಚರಿತ್ರೆಯೂ ಉದ್ದವಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಮುನ್ನೂರರ ಹತ್ತಿರ ಸಿಬ್ಬಂದಿ ಇಂಥದೇ ಕಾಯಿಲೆಯಿಂದ ಮಲಗಿದರು, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಹದಿನೈದು ವರ್ಷದ ನಂತರ ಇಬ್ಬರು ಮನೋವೈದ್ಯರು ಹಳೆಯ ಕಡತ ತಿರುವಿ, ಅದು ಸಾಮೂಹಿಕ ಉನ್ಮಾದವಿರಬೇಕು ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ವೇಳೆಗಾಗಲೇ, 1969ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದು ಆ ಪಟ್ಟಿಯಿಂದ ಕದಲಿಲ್ಲ. ಹಣಕಾಸಿನ ಮಾತಿಗೆ ಬಂದಾಗ ಈ ವಿವರ ಮತ್ತೆ ಬೇಕಾಗುತ್ತದೆ.

ನಮ್ಮ ನೆಲಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಅಧ್ಯಯನ ತೋರಿಸಬೇಕು. 2006ರಲ್ಲಿ ಪ್ರಕಟವಾದ ಆ ಅಧ್ಯಯನ, ಮೂರು ಬಗೆಯ ಸೋಂಕು ತಗಲಿದ 253 ಮಂದಿಯನ್ನು ಹಿಂಬಾಲಿಸಿತು. ಆರು ತಿಂಗಳಾದ ಮೇಲೆ ಅವರಲ್ಲಿ ಶೇ 11ರಷ್ಟು ಜನರಲ್ಲಿ ದೀರ್ಘ ಆಯಾಸ ಸಿಂಡ್ರೋಮ್‌ನ ಲಕ್ಷಣಗಳು ಪೂರ್ತಿ ಇದ್ದವು. ಯಾವ ಸೋಂಕಾದರೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಆ ಮೂರರಲ್ಲಿ ಒಂದು ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್, ನಮ್ಮ ಚಿಕೂನ್‌ಗುನ್ಯಾದ ಹತ್ತಿರದ ದಾಯಾದಿ. ಅದೇ 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾದವು. ಆಮೇಲೆ ಕೋವಿಡ್ ಬಂತು. 2024ರಲ್ಲಿ ಡೆಂಗಿ ಎಷ್ಟು ಏರಿತೆಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು. ಕೆರೆ, ರಾಜಕಾಲುವೆ, ಮುಗಿಯದ ಕಟ್ಟಡ, ನೀರಿನ ಡ್ರಮ್ಮುಗಳ ನಡುವೆ ಬೆಳೆದ ತಣಿಸಂದ್ರದಂಥ ಕಡೆ ಸೊಳ್ಳೆಯ ಜ್ವರ ವರ್ಷವೂ ಬರುವ ನೆಂಟ. ಜ್ವರದ ಲೆಕ್ಕವನ್ನು ಪಾಲಿಕೆ ಇಡುತ್ತದೆ. ಜ್ವರದ ಮೇಲೆ ಏಳದೆ ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಭಾರತದಲ್ಲಿ ಆಯಾಸವನ್ನೇ ಎಣಿಸಲು ಹೊರಟ ದೊಡ್ಡ ಸಮೀಕ್ಷೆ ಗೋವಾದ್ದು. ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು 2005ರಲ್ಲಿ ಅದನ್ನು ಪ್ರಕಟಿಸಿದರು. ಸುಮಾರು 2,500 ಮಹಿಳೆಯರಲ್ಲಿ ಶೇ 12ರಷ್ಟು ಮಂದಿ ಆರು ತಿಂಗಳಿಗೂ ಮೀರಿದ ಆಯಾಸ ಹೇಳಿಕೊಂಡರು. ಇವರೆಲ್ಲರಿಗೂ ಈ ಸಿಂಡ್ರೋಮ್ ಇತ್ತೆಂದು ಅರ್ಥವಲ್ಲ. ಬಡತನ, ಮನೆಯ ಹಿಂಸೆ, ಮನಸ್ಸಿನ ನೋವು ಅಲ್ಲಿ ದೊಡ್ಡ ಪಾತ್ರ ವಹಿಸಿದ್ದವು. ಆದರೆ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಆಯಾಸಕ್ಕೂ ಹಿಮೋಗ್ಲೋಬಿನ್ ಮಟ್ಟಕ್ಕೂ ಅಲ್ಲಿ ಸಂಬಂಧ ಕಾಣಲಿಲ್ಲ. ನಮ್ಮಲ್ಲಿ ಹುಡುಗಿ ಸುಸ್ತೆಂದರೆ ಮೊದಲ ಉತ್ತರ ಕಬ್ಬಿಣದ ಮಾತ್ರೆ. ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿರುವಾಗ ಆ ಉತ್ತರ ತಪ್ಪೂ ಅಲ್ಲ. ಮಾತ್ರೆ ತಿಂದು, ರಕ್ತ ಸರಿಯಾಗಿ, ಆಮೇಲೂ ಹುಡುಗಿ ಏಳದಿದ್ದಾಗ ಎರಡನೆಯ ಉತ್ತರ ಇಲ್ಲದಿರುವುದು ತಪ್ಪು. ಆಗ ಮನೆಯವರು ಸೋಂಬೇರಿತನ ಎನ್ನುತ್ತಾರೆ, ಶಾಲೆಯವರು ಪರೀಕ್ಷೆಯ ಭಯ ಎನ್ನುತ್ತಾರೆ, ನೆಂಟರು ದೃಷ್ಟಿ ತೆಗೆಸಿ ಎನ್ನುತ್ತಾರೆ.

ಇನ್ನು ದುಡ್ಡಿನ ವಿಚಾರ. ತಣಿಸಂದ್ರದ ಜನವಸತಿ ಒಂದೇ ಬಗೆಯದಲ್ಲ. ಹಳೆಯ ಊರಿನ ಮನೆಗಳಿವೆ, ಬಾಡಿಗೆ ವಠಾರಗಳಿವೆ, ಕಟ್ಟಡ ಕಾರ್ಮಿಕರ ಶೆಡ್ಡುಗಳಿವೆ, ಮಾನ್ಯತಾ ಟೆಕ್ ಪಾರ್ಕಿನ ಎಂಜಿನಿಯರುಗಳ ಅಪಾರ್ಟ್‌ಮೆಂಟುಗಳಿವೆ. ಅದೇ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವವರೂ ಕಾವಲು ಕಾಯುವವರೂ ಇದ್ದಾರೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾರ್ಡು. ಈ ಕಾಯಿಲೆಯ ಎದುರು ಆ ಕಾರ್ಡುಗಳೆಲ್ಲ ಒಂದೇ ಕಡೆ ಸೋಲುತ್ತವೆ.

ಬಿಪಿಎಲ್ ಕುಟುಂಬದ ಕೈಯಲ್ಲಿರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಷ್ಟು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆಗಳಿಗೆ ಇದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದೆ, ಅದನ್ನು ಮರೆಯಬಾರದು. ಆದರೆ ಇಲ್ಲಿ ಹಣ ಹರಿಯುವುದು ಆಸ್ಪತ್ರೆಯ ಹಾಸಿಗೆಯ ಮೂಲಕ. ದಾಖಲಾಗಬೇಕು, ಪಟ್ಟಿಯಲ್ಲಿರುವ ಪ್ಯಾಕೇಜಿಗೆ ಕಾಯಿಲೆ ಹೊಂದಬೇಕು. ದೀರ್ಘ ಆಯಾಸದ ಮಗುವಿಗೆ ಶಸ್ತ್ರಚಿಕಿತ್ಸೆ ಬೇಡ, ಡ್ರಿಪ್ ಬೇಡ. ಅದಕ್ಕೆ ಬೇಕಾದದ್ದು ಅರ್ಧ ಗಂಟೆ ಕೂತು ಕೇಳುವ ವೈದ್ಯರು, ತಿಂಗಳಿಗೊಮ್ಮೆ ಫೋನು, ನಿದ್ದೆಗೂ ನೋವಿಗೂ ಒಂದಿಷ್ಟು ಔಷಧಿ, ಶಾಲೆಗೊಂದು ಪತ್ರ. ಮನೆಯ ಹಾಸಿಗೆಯಲ್ಲಿ ಎರಡು ವರ್ಷ ಮಲಗಿದ ಮಗು ಈ ಯೋಜನೆಯ ಕಣ್ಣಿಗೆ ಬೀಳುವುದೇ ಇಲ್ಲ. ಸಹಕಾರ ಸಂಘದ ಸದಸ್ಯರ ಯಶಸ್ವಿನಿಯೂ ಮೂಲತಃ ಶಸ್ತ್ರಚಿಕಿತ್ಸೆಯ ಯೋಜನೆಯೇ.

ಅಪಾರ್ಟ್‌ಮೆಂಟಿನ ಕುಟುಂಬಕ್ಕೆ ಖಾಸಗಿ ವಿಮೆ ಇದೆ. ಅಲ್ಲಿಯೂ ಇಪ್ಪತ್ತನಾಲ್ಕು ಗಂಟೆ ದಾಖಲಾಗಬೇಕೆಂಬ ನಿಯಮ. ಅದರ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಭಾಷೆಯಲ್ಲಿ ಗೊತ್ತುಮಾಡಿರುವ ಹೊರಗಿಡುವಿಕೆಯ ಷರತ್ತುಗಳಲ್ಲಿ ಎರಡು ಈ ಕಾಯಿಲೆಗೇ ಹೇಳಿಮಾಡಿಸಿದಂತಿವೆ. ಬರೀ ತಪಾಸಣೆಗಾಗಿ ದಾಖಲಾದರೆ ಹಣವಿಲ್ಲ. ವಿಶ್ರಾಂತಿ ಚಿಕಿತ್ಸೆಗೂ ಪುನಶ್ಚೇತನಕ್ಕೂ ಹಣವಿಲ್ಲ. ಹೆಚ್ಚು ದುಡಿದು ಹೆಚ್ಚು ಕಂತು ಕಟ್ಟಿದವರೂ ಈ ವಿಷಯದಲ್ಲಿ ಶೆಡ್ಡಿನ ಕಾರ್ಮಿಕರ ಸಾಲಿನಲ್ಲೇ ನಿಲ್ಲುತ್ತಾರೆ.

ಸ್ವಲ್ಪವಾದರೂ ಕೆಲಸಕ್ಕೆ ಬರುವುದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸಗಾರರಿಗೂ ಅವರನ್ನು ಅವಲಂಬಿಸಿದ ಮಕ್ಕಳಿಗೂ ಡಿಸ್ಪೆನ್ಸರಿಯಲ್ಲಿ ಹೊರರೋಗಿ ಚಿಕಿತ್ಸೆ ಪುಕ್ಕಟೆ. ಹೊರರೋಗಿಗೆ ನಿಜವಾಗಿ ಹಣ ಹಾಕುವ ವಿಮೆ ಇದೊಂದೇ ಎನ್ನಬಹುದು. ಆದರೆ ಹತ್ತೊಂಬತ್ತರ ಹುಡುಗಿಯೇ ಗಾರ್ಮೆಂಟ್ಸಿಗೆ ಹೋಗುತ್ತಿದ್ದು ಅವಳೇ ಕಾಯಿಲೆ ಬಿದ್ದರೆ? ವರ್ಷಕ್ಕೆ 91 ದಿನ ಸಂಬಳದ ಶೇ 70 ಸಿಗುತ್ತದೆ. ಅದರಾಚೆಗೆ ಎರಡು ವರ್ಷದವರೆಗೆ ಸಿಗುವ ವಿಸ್ತೃತ ಅನಾರೋಗ್ಯ ಭತ್ಯೆ 34 ದೀರ್ಘ ಕಾಯಿಲೆಗಳಿಗೆ ಮೀಸಲು. ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಕಿನ್ಸನ್ಸ್ ಆ ಪಟ್ಟಿಯಲ್ಲಿವೆ, ಇದು ಇಲ್ಲ. ವಿಶೇಷ ಸಂದರ್ಭದಲ್ಲಿ ಪಟ್ಟಿಯಾಚೆಯ ಕಾಯಿಲೆಗೂ ಮಂಜೂರು ಮಾಡುವ ಅಧಿಕಾರ ಇಎಸ್‌ಐ ನಿಗಮದ ಮಹಾನಿರ್ದೇಶಕರಿಗೆ ಇದೆ. ಕಾರ್ಮಿಕ ಸಂಘಟನೆಗಳು ತಟ್ಟಬೇಕಾದ ಬಾಗಿಲು ಅದು.

ಮಕ್ಕಳಿಗೆಂದೇ ಇರುವ ಎರಡು ಕಾರ್ಯಕ್ರಮಗಳ ವಿಷಯ ಇನ್ನೂ ಬೇಸರ ತರಿಸುತ್ತದೆ, ಏಕೆಂದರೆ ಅವು ಹೃದಯವಿಟ್ಟು ರೂಪಿಸಿದವು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ಹುಟ್ಟಿನಿಂದ 18ರವರೆಗಿನ ಮಕ್ಕಳನ್ನು ತಪಾಸಣೆ ಮಾಡಿ, ಕಂಡ ತೊಂದರೆಗೆ ಉಚಿತ ಚಿಕಿತ್ಸೆ ಕೊಡಿಸುವುದು ಅದರ ಗುರಿ. ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಬರುತ್ತದೆ. ನಮ್ಮ ಮಗು ಆ ದಿನ ಶಾಲೆಯಲ್ಲಿರುವುದಿಲ್ಲ. ಖಾಸಗಿ ಶಾಲೆಯ ಮಗುವಾದರೆ ತಂಡ ಅತ್ತ ಸುಳಿಯುವುದೇ ಇಲ್ಲ. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19ರ ವಯಸ್ಸಿನವರದು. ಪೌಷ್ಟಿಕತೆ, ಮಾನಸಿಕ ಆರೋಗ್ಯ, ಮಾದಕ ವ್ಯಸನ, ಸಾಂಕ್ರಾಮಿಕವಲ್ಲದ ರೋಗ ಎಲ್ಲ ಅದರಲ್ಲಿವೆ. ನಮ್ಮಲ್ಲಿ ಅದರ ಸ್ನೇಹ ಕ್ಲಿನಿಕ್‌ಗಳಿವೆ. ದೀರ್ಘ ಆಯಾಸ ಅಲ್ಲಿಯೂ ಯಾವ ಕಾಲಂಗೂ ಸೇರುವುದಿಲ್ಲ. 2024ರಲ್ಲಿ ರಾಜ್ಯ ಆರಂಭಿಸಿದ ಗೃಹ ಆರೋಗ್ಯ ಮನೆಬಾಗಿಲಿಗೇ ಬರುತ್ತದೆ, ಆದರೆ 30 ದಾಟಿದವರಿಗೆ.

ಹೀಗೆ ನೋಡುತ್ತ ಹೋದರೆ ನನಗೆ ತಿಳಿಯುವುದಿಷ್ಟು. ಹಣದ ಕೊರತೆಯಿಂದ ಈ ಮಕ್ಕಳು ಹೊರಗುಳಿದಿಲ್ಲ. ಹಾಸಿಗೆ ಅಥವಾ ಪಟ್ಟಿ, ಈ ಎರಡು ದಾರಿಯಲ್ಲಿ ಮಾತ್ರ ನಮ್ಮ ಸಾರ್ವಜನಿಕ ಹಣ ಚಲಿಸುತ್ತದೆ. ಈ ಕಾಯಿಲೆ ಎರಡರಲ್ಲೂ ಇಲ್ಲ. ಆದ್ದರಿಂದ ಹೋರಾಟ ಹೊಸ ಆಸ್ಪತ್ರೆಗಾಗಿ ಆಗಬೇಕಿಲ್ಲ. ಪಟ್ಟಿಗೆ ಒಂದು ಹೆಸರು, ಹೊರರೋಗಿ ಸಮಯಕ್ಕೆ ಒಂದು ದರ, ಮನೆಗೆ ಹತ್ತಿರದ ಕ್ಲಿನಿಕ್ಕಿಗೆ ಒಂದು ಸುತ್ತೋಲೆ, ಇಷ್ಟಕ್ಕಾಗಿ ಆಗಬೇಕು.

ಹೊರಗಿನವರು ಇದನ್ನು ಹೇಗೆ ಸಾಧಿಸಿದರು ಎಂಬುದರಲ್ಲಿ ನಮಗೆ ಪಾಠವೂ ಇದೆ, ಎಚ್ಚರಿಕೆಯೂ ಇದೆ. ಇಂಗ್ಲೆಂಡಿನಲ್ಲಿ ಕೆಲಸ ಶುರುವಾದದ್ದು ಶಾಲೆಯ ಹಾಜರಿ ಪುಸ್ತಕದಿಂದ. 3.3 ಲಕ್ಷ ವಿದ್ಯಾರ್ಥಿಗಳ ದಾಖಲೆ ನೋಡಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಕಾಯಿಲೆಯ ಕಾರಣ ದೀರ್ಘಕಾಲ ಶಾಲೆ ತಪ್ಪಿಸಿದ ಮಕ್ಕಳಲ್ಲಿ ಅತಿ ದೊಡ್ಡ ಗುಂಪು ಈ ಕಾಯಿಲೆಯವರದು ಎಂದು ಅದು ತೋರಿಸಿತು. 2002ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿ ನೇಮಿಸಿದ್ದ ಕಾರ್ಯಪಡೆ ವರದಿ ಕೊಟ್ಟು, ಇದು ನಿಜವಾದ ಕಾಯಿಲೆ, ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕು ಎಂದಿತು. 2004ರಿಂದ ಎರಡು ವರ್ಷಕ್ಕೆ ಸರ್ಕಾರ 85 ಲಕ್ಷ ಪೌಂಡ್ ಎತ್ತಿಟ್ಟಿತು. ಊರೂರಿನಲ್ಲಿ ತಂಡಗಳು ಹುಟ್ಟಿದವು. ಪಾಠ ಇಲ್ಲಿಯವರೆಗೆ.

ಎಚ್ಚರಿಕೆ ಮುಂದಿನದು. ಮೀಸಲು ಹಣ ಮುಗಿದ ಮೇಲೆ ಸೇವೆ ಸ್ಥಳೀಯ ಆಡಳಿತದ ಇಚ್ಛೆಗೆ ಬಿತ್ತು. ಒಂದು ಜಿಲ್ಲೆಯ ಮಗುವಿಗೆ ಕ್ಲಿನಿಕ್ ಇದ್ದರೆ ಪಕ್ಕದ ಜಿಲ್ಲೆಯ ಮಗುವಿಗೆ ಇಲ್ಲ. ಜೊತೆಗೆ ಹಲವು ಕ್ಲಿನಿಕ್‌ಗಳು ವರ್ಷಗಟ್ಟಲೆ ಕೊಟ್ಟ ಚಿಕಿತ್ಸೆಯೇ ಪ್ರಶ್ನಾರ್ಹವಾಗಿತ್ತು: ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗುವುದು. 2007ರ ಮಾರ್ಗಸೂಚಿಯಲ್ಲಿ ಅದನ್ನು ಶಿಫಾರಸು ಮಾಡಿದ್ದ, ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಅಲ್ಲಿನ ನೈಸ್ ಸಂಸ್ಥೆಯೇ 2021ರ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟಿತು. ಹೊಸ ಮಾರ್ಗಸೂಚಿ ಹೇಳುವುದು ಬೇರೆ. ಸಂಬಳದ ಮನೆಯವರು ತಿಂಗಳ ಖರ್ಚು ಹಂಚುವ ಹಾಗೆ ಮಗು ತನ್ನ ದಿನದ ಶಕ್ತಿಯನ್ನು ಹಂಚಿಕೊಳ್ಳಬೇಕು, ಮಿತಿ ದಾಟಬಾರದು. ಮಕ್ಕಳಲ್ಲಿ ನಾಲ್ಕೇ ವಾರಕ್ಕೆ ಅನುಮಾನಪಡಬೇಕು, ಮೂರು ತಿಂಗಳಿಗೆ ಖಚಿತಪಡಿಸಬೇಕು. ಅದೇ ಅಕ್ಟೋಬರಿನಲ್ಲಿ ಮೇವ್ ಬೂತ್‌ಬಿ ಓನೀಲ್ ಎಂಬ 27ರ ಯುವತಿ ಈ ಕಾಯಿಲೆಯಿಂದ ತೀರಿಕೊಂಡಳು. ಹದಿಹರೆಯದಲ್ಲೇ ಕಾಯಿಲೆ ಬಿದ್ದವಳು ಅವಳು. ತೀವ್ರ ಸ್ಥಿತಿಯ ರೋಗಿಗೆ ಆ ದೇಶದಲ್ಲಿ ಒಂದೂ ವಿಶೇಷ ಹಾಸಿಗೆ ಇಲ್ಲ ಎಂದು 2024ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಿದರು. ಹಣ ಬಂದರೆ ಸಾಲದು. ಅದು ಯಾವ ಚಿಕಿತ್ಸೆಗೆ, ಎಷ್ಟು ವರ್ಷಕ್ಕೆ ಎಂಬುದೂ ಮೊದಲೇ ಗೊತ್ತಾಗಬೇಕು. ಸೂರ್ಯನಮಸ್ಕಾರ ಹಾಕಿಸಿ, ಗ್ರೌಂಡಿನಲ್ಲಿ ಓಡಿಸಿ ಎಂಬ ಸಲಹೆ ಧಾರಾಳವಾಗಿ ಸಿಗುವ ನಮ್ಮ ಊರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಜರ್ಮನಿಯ ಮ್ಯೂನಿಕ್‌ನಲ್ಲಿ ಮಕ್ಕಳ ತಜ್ಞೆ ಊಟಾ ಬೆರೆಂಡ್ಸ್ ಹರೆಯದವರಿಗಾಗಿಯೇ ಒಂದು ಕೇಂದ್ರ ನಡೆಸುತ್ತಿದ್ದಾರೆ. ಬೆಂಗಳೂರಿಗೂ ಅಂಥದ್ದೊಂದು ಬೇಕು ಎನ್ನುವ ಆಸೆ ಸಹಜ. ನಾನಾದರೋ ಕೆಳಗಿನಿಂದ ಶುರುಮಾಡುವುದೇ ಮೇಲೆಂದು ತಿಳಿದಿದ್ದೇನೆ. ತಣಿಸಂದ್ರದ ಮಗುವನ್ನು ನಿಮ್ಹಾನ್ಸಿಗೋ ಅದರ ಪಕ್ಕದ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಒಯ್ಯಬೇಕಾದರೆ ನಾಗವಾರದ ಜಂಕ್ಷನ್ನಿನಿಂದ ಊರಿಗೆ ಊರನ್ನೇ ದಾಟಬೇಕು, ಆಮೇಲೆ ಸರದಿಯಲ್ಲಿ ಕೂರಬೇಕು. ಬೇರೆ ಕಾಯಿಲೆಯವರಿಗೆ ಅದು ತೊಂದರೆ. ಈ ಕಾಯಿಲೆಯವರಿಗೆ ಅದೇ ಕಾಯಿಲೆ ಕೆರಳಿಸುವ ಶ್ರಮ. ಒಂದು ಭೇಟಿಗೆ ಒಂದು ವಾರದ ಮಲಗುವಿಕೆ ತೆರಬೇಕಾದೀತು.

ಹತ್ತಿರದಲ್ಲೇನಿದೆ ನೋಡೋಣ. 2023ರ ಫೆಬ್ರುವರಿಯಿಂದ ಬೆಂಗಳೂರಿನಲ್ಲಿ ವಾರ್ಡಿಗೊಂದರ ಲೆಕ್ಕದಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಬಂದಿವೆ. ವೈದ್ಯರು, ನರ್ಸು, ಲ್ಯಾಬ್ ಟೆಕ್ನಿಷಿಯನ್ ಅಲ್ಲಿರಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಇಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳು ಅಲ್ಲಿಯೋ ಮೇಲಿನ ಸರ್ಕಾರಿ ಆಸ್ಪತ್ರೆಯಲ್ಲೋ ಆಗುತ್ತವೆ. ಆಮೇಲೆ ಬಿಪಿ ನೋಡುವ ಯಂತ್ರ, ಒಂದು ಗಡಿಯಾರ ಸಾಕು. ಮಗುವನ್ನು ಕೆಲಹೊತ್ತು ಮಲಗಿಸಿ ನಾಡಿ ಎಣಿಸಿ, ಗೋಡೆಗೆ ಒರಗಿಸಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಎಣಿಸುವುದು. ಹದಿಹರೆಯದವರಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು ಬಡಿತ ಏರಿದರೆ, ನಿಂತಾಗ ಕಾಡುವ ತೊಂದರೆಗೆ ಅದು ಕಣ್ಣಿಗೆ ಕಾಣುವ ಪುರಾವೆ. ಅದಕ್ಕೆ ಉಪ್ಪು, ನೀರು, ಬಿಗಿ ಕಾಲುಚೀಲ, ಬೇಕಾದರೆ ಅಗ್ಗದ ಮಾತ್ರೆ ವೈದ್ಯರು ಕೊಡಬಹುದು. ಎಲ್ಲ ನಾರ್ಮಲ್ ಎಂಬ ಚೀಟಿ ಹಿಡಿದು ತಿರುಗುವ ತಾಯಿಗೆ ಇಷ್ಟೇ ದೊಡ್ಡ ಆಸರೆ.

ತಜ್ಞರ ಮಾತು ಫೋನಿನಲ್ಲಿ ಸಿಗಲಿ. ಇ-ಸಂಜೀವಿನಿ ಅದಕ್ಕೆಂದೇ ಇದೆ, ಪುಕ್ಕಟೆ ಇದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಕೇಂದ್ರದ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆಗುಳಿತನದ ತರಬೇತಿ ಕೊಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ದೀರ್ಘ ಆಯಾಸವೂ ನರಮಂಡಲದ ಕಾಯಿಲೆಯೇ. ಐದನೆಯ ಪಾಠವಾಗಿ ಅದನ್ನು ಸೇರಿಸಲು ಹೊಸ ಕಾನೂನು ಬೇಡ, ಹೊಸ ಇಲಾಖೆ ಬೇಡ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಪದ್ಧತಿಯನ್ನು ನಾವೇ ಕಟ್ಟಿದ್ದೇವೆ. ಯಲಹಂಕದ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಇಂಥದೇ ಮಕ್ಕಳ ಕ್ಲಿನಿಕ್ ನಡೆದರೆ ಬೆಂಗಳೂರಿನ ಉತ್ತರ ಭಾಗಕ್ಕೆ ಅದು ಆರಂಭ. ಕೋವಿಡ್ ನಂತರದ ತೊಂದರೆಗಳಿಗೆ ತೆರೆದ ಕ್ಲಿನಿಕ್‌ಗಳ ಮೇಲಿನ ಕಾಳಜಿ ಕೋವಿಡ್ ಸುದ್ದಿಯ ಜೊತೆಗೇ ಆರಿತು. ಈ ಸಲ ಅದು ಆಗಬಾರದು.

ಆರೋಗ್ಯ ಇಲಾಖೆಯಷ್ಟೇ ಹೊಣೆ ಶಿಕ್ಷಣ ಇಲಾಖೆಯ ಮೇಲೂ ಇದೆ. ಎಸ್‌ಎಸ್‌ಎಲ್‌ಸಿಗೆ ಕೂರಲು ಶೇ 75 ಹಾಜರಿ ಬೇಕು. ಹಾಸಿಗೆಯಲ್ಲಿರುವ ಮಗು ಎಲ್ಲಿಂದ ತಂದೀತು? 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ವ್ಯವಸ್ಥೆ ಬಂದದ್ದು ಇಂಥ ಮಕ್ಕಳಿಗೆ ವರವಾಗಬಹುದಿತ್ತು, ಒಂದೇ ಬಾರಿಗೆ ಆರು ವಿಷಯ ಬರೆಯದೆ ಹಂಚಿಕೊಂಡು ಬರೆಯಲು ಬಿಟ್ಟರೆ. ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಮನೆಯಲ್ಲೇ ಪಾಠ ಹೇಳುವ ಶಿಕ್ಷಕರಿದ್ದಾರೆ. ಆ ಸೌಲಭ್ಯ ದಕ್ಕಬೇಕಾದರೆ ಕಾಯಿಲೆ ಅಂಗವೈಕಲ್ಯದ ಪಟ್ಟಿಗೆ ಹೋಗಬೇಕು. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ದೀರ್ಘಕಾಲಿಕ ನರರೋಗಗಳೂ ಅದರಲ್ಲಿವೆ. ಇನ್ನಷ್ಟು ಸೇರಿಸುವ ಅಧಿಕಾರ ಕೇಂದ್ರಕ್ಕಿದೆ. ಅಪರೂಪದ ಕಾಯಿಲೆಗಳ ಮಕ್ಕಳ ತಂದೆತಾಯಂದಿರು ಸರ್ಕಾರವನ್ನು ಕೇಳಿ ಪಡೆಯುವ ಇಂಥದೇ ದಾರಿ ಹಿಡಿದವರು. 2014ರಲ್ಲಿ ಗೋಷೆ ಕಾಯಿಲೆಯ ಒಬ್ಬ ಬಡ ಹುಡುಗನ ಪರವಾಗಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, ಈಗ ರೋಗಿಗೆ 50 ಲಕ್ಷದವರೆಗೆ ನೆರವು ಸಿಗುತ್ತದೆ. ಕೇಳಿದವರಿದ್ದರು, ಕೊಟ್ಟರು. ದೀರ್ಘ ಆಯಾಸ ಅಪರೂಪದ ಕಾಯಿಲೆಯೂ ಅಲ್ಲ, ಅದಕ್ಕೆ ಲಕ್ಷಾಂತರ ರೂಪಾಯಿಯ ಚುಚ್ಚುಮದ್ದೂ ಬೇಡ.

ಎಣಿಕೆಯಿಲ್ಲದೆ ಯಾವ ಅಧಿಕಾರಿಯೂ ಹಣ ಬಿಡುವುದಿಲ್ಲ. ಎಣಿಸುವ ಸಾಧನ ಶಿಕ್ಷಣ ಇಲಾಖೆಯ ಬಳಿಯೇ ಇದೆ: ರಾಜ್ಯದ ಪ್ರತಿ ವಿದ್ಯಾರ್ಥಿಯ ವಿವರವಿರುವ ಎಸ್‌ಎಟಿಎಸ್. ಸತತ ನಾಲ್ಕು ವಾರ ಗೈರಾದ ಮಗುವಿನ ಹೆಸರಿನ ಮುಂದೆ ಅನಾರೋಗ್ಯದ ಕಾರಣ ಬರೆಯುವ ಒಂದು ಅಂಕಣ, ಆ ಮಗುವಿನ ಮನೆಗೆ ಆಶಾ ಕಾರ್ಯಕರ್ತೆಯ ಒಂದು ಭೇಟಿ, ಅದಕ್ಕೆ ಆಶಾಗೆ ತಕ್ಕ ಪ್ರೋತ್ಸಾಹಧನ. ಬೆಂಗಳೂರು ಉತ್ತರ ನಗರ ಪಾಲಿಕೆ ಒಂದು ವರ್ಷ ತನ್ನ ವ್ಯಾಪ್ತಿಯಲ್ಲಿ ಇದನ್ನು ಮಾಡಿ ನೋಡಲಿ.

ಹರೆಯದವರಲ್ಲಿ ಈ ಕಾಯಿಲೆ ವಾಸಿಯಾಗುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು. ಮೆಲ್ಬರ್ನಿನ ಮಕ್ಕಳ ತಜ್ಞೆ ಕ್ಯಾಥರಿನ್ ರೋವ್ ಏಳುನೂರಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಗಮನಿಸಿದರು. ಚೇತರಿಸಿಕೊಂಡವರಿಗೆ ಸರಾಸರಿ ಐದು ವರ್ಷ ಹಿಡಿದಿತ್ತು. ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನ ಆ ಐದು ವರ್ಷ ಮಗು ಯಾರ ನೆರವಿನಲ್ಲಿ ಕಳೆಯುತ್ತದೆ ಎಂಬುದೇ ಇಲ್ಲಿರುವ ಸಾರ್ವಜನಿಕ ಪ್ರಶ್ನೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗು ಇದ್ದರೆ ಇಷ್ಟು ಮಾಡಿ. ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಒಪಿಡಿ ಚೀಟಿಯಲ್ಲಿ ದೀರ್ಘ ಆಯಾಸ ಸಿಂಡ್ರೋಮ್ ಎಂಬ ಹೆಸರನ್ನೂ ಅದರ ಅಂತರರಾಷ್ಟ್ರೀಯ ಸಂಕೇತ ಜಿ93.3 ಎಂಬುದನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಅದರ ಪ್ರತಿಯನ್ನು ಶಾಲೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿಯನ್ನು ಅರ್ಜಿಯ ಜೊತೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ನಿಮ್ಮ ಶಾಸಕರಿಗೂ ಕಳಿಸಿ. ಕಡತದಲ್ಲಿ ಹೆಸರು ಬರೆಯದ ಕಾಯಿಲೆಗೆ ಈ ರಾಜ್ಯದಲ್ಲಿ ಇದುವರೆಗೆ ಒಂದು ರೂಪಾಯಿಯೂ ಮಂಜೂರಾಗಿಲ್ಲ.